ಇಪ್ಪತ್ತೈದು ನಿಮಿಷ, ಒಂದು ಬಡಕಲು ಮರ: 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ನೋಡುವ ಬಗೆ

ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿದ ಮೇಲೆ ಅಕ್ಕನ ಮಗಳು ಟೀವಿ ಹಾಕಿದಳು. ದೊಡ್ಡ ತಲೆಯ ಪುಟ್ಟ ಮಕ್ಕಳು ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುತ್ತಿದ್ದರು. ಹಿಂದೆ ಯಾರೋ ಮೆಲ್ಲಗೆ ಹಾಡುತ್ತಿದ್ದರು. ಐದು ನಿಮಿಷ ನೋಡಿದೆ. ಏನೂ ಆಗಲಿಲ್ಲ. ಕೈ ತಾನಾಗಿ ಫೋನಿನ ಕಡೆ ಹೋಯಿತು. ತಲೆ ಎತ್ತಿದಾಗ ಮಕ್ಕಳೆಲ್ಲ ಒಂದು ಮರದ ಸುತ್ತ ನಿಂತು ಹಾಡುತ್ತಿದ್ದರು, ಅಷ್ಟರಲ್ಲಿ ಮುಗಿದೇ ಹೋಯಿತು. "ಇಷ್ಟೇನಾ?" ಅಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮರುದಿನ ಫೋನ್ ಕಿತ್ತಿಟ್ಟು, "ಮಾಮಾ, ಈ ಸಲ ಸುಮ್ನೆ ನೋಡು" ಅಂತ ಮತ್ತೆ ಕೂರಿಸಿದಳು.

ಅದು 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಎಂಬ ಟೀವಿ ಕಾರ್ಟೂನ್. ಆಮೇಲೆ ನಾನು ಪ್ರತಿ ವರ್ಷ ನೋಡುತ್ತಿದ್ದೇನೆ. ಮೊದಲ ದಿನ ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು, ಇದು ಏನು ಅಂತ ಸ್ವಲ್ಪ ತಿಳಿದಿರಲಿ

ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ಎಂಬ ಚಿತ್ರಪಟ್ಟಿ (ಕಾಮಿಕ್ ಸ್ಟ್ರಿಪ್) ಪತ್ರಿಕೆಗಳಲ್ಲಿ 1950ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರ ನಾಯಕ ಚಾರ್ಲಿ ಬ್ರೌನ್. ಕೈ ಹಾಕಿದ ಕೆಲಸವೆಲ್ಲ ಕೆಡುವ ಹುಡುಗ. ಅವನ ನಾಯಿ ಸ್ನೂಪಿಯನ್ನು ನೀವು ಪೆನ್ಸಿಲ್ ಡಬ್ಬಿ, ಟೀ-ಶರ್ಟ್ ಮೇಲೆ ನೋಡಿಯೇ ಇರುತ್ತೀರಿ. 1965ರಲ್ಲಿ ಕೋಕಾ-ಕೋಲಾ ಕಂಪನಿ ಒಂದು ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಹಣ ಹಾಕಲು ಮುಂದೆ ಬಂತು. ಶುಲ್ಜ್ ಮತ್ತು ನಿರ್ಮಾಪಕ ಲೀ ಮೆಂಡೆಲ್ಸನ್ ಒಂದೇ ದಿನದಲ್ಲಿ ಕಥೆಯ ಎಳೆ ಬರೆದು ಕಳಿಸಿದರು. ಬಿಲ್ ಮೆಲೆಂಡೆಜ್ ನಿರ್ದೇಶಕ. ಕೈಯಲ್ಲಿದ್ದದ್ದು ಆರು ತಿಂಗಳು. ಪ್ರತಿ ಚಿತ್ರವನ್ನೂ ಕೈಯಲ್ಲೇ ಬಿಡಿಸಬೇಕಿದ್ದ ಕಾಲಕ್ಕೆ ಇದು ತೀರಾ ಕಡಿಮೆ.

ಪ್ರಸಾರಕ್ಕೆ ಕೆಲವೇ ದಿನ ಇರುವಾಗ ಕೆಲಸ ಮುಗಿಯಿತು. ಸಿಬಿಎಸ್ ವಾಹಿನಿಯ ಅಧಿಕಾರಿಗಳು ನೋಡಿ ಮುಖ ಸಿಂಡರಿಸಿದರು. ತುಂಬಾ ನಿಧಾನ, ಜಾಸ್ ಸಂಗೀತ ಹೊಂದುವುದಿಲ್ಲ, ಮಕ್ಕಳ ದನಿ ಹಸಿಹಸಿ. ಹೆಚ್ಚು ಕಡಿಮೆ ನಾನು ಅಂದುಕೊಂಡದ್ದೇ! ಆದರೆ ದಿನ ಗೊತ್ತಾಗಿ ಹೋಗಿತ್ತು. ಡಿಸೆಂಬರ್ 9ರ ಗುರುವಾರ ಸಂಜೆ ಪ್ರಸಾರ ಮಾಡಲೇಬೇಕಾಯಿತು. ಆ ರಾತ್ರಿ ಒಂದೂವರೆ ಕೋಟಿಗೂ ಹೆಚ್ಚು ಮನೆಗಳಲ್ಲಿ ಇದನ್ನು ನೋಡಿದರು. ಆ ಹೊತ್ತಿಗೆ ಟೀವಿ ಹಾಕಿದ್ದ ಮನೆಗಳಲ್ಲಿ ಹತ್ತಿರ ಹತ್ತಿರ ಅರ್ಧ. ಮುಂದೆ ಟೀವಿಯ ದೊಡ್ಡ ಪ್ರಶಸ್ತಿಗಳಾದ ಎಮ್ಮಿ ಬಂತು, ಪೀಬಡಿ ಬಂತು. ಅಧಿಕಾರಿಗಳಿಗೆ ತಪ್ಪಾಗಿ ಕಂಡದ್ದೆಲ್ಲ ಇವತ್ತು ಇದರ ರುಚಿ. ಹಾಗಾಗಿ ಅವರು ಬೆರಳಿಟ್ಟು ತೋರಿಸಿದ ಜಾಗಗಳಲ್ಲೇ ನೀವು ಕಣ್ಣು ಕಿವಿ ಇಟ್ಟು ನೋಡಬೇಕು.

ಎಲ್ಲಿ, ಯಾವಾಗ

2020ರಿಂದ ಇದು ಆಪಲ್‌ನ ಸ್ಟ್ರೀಮಿಂಗ್ ಸೇವೆಯಲ್ಲಿದೆ. ಅದಕ್ಕೆ ಮೊದಲು ಸಿಬಿಎಸ್‌ನಲ್ಲಿ, 2001ರಿಂದ ಎಬಿಸಿಯಲ್ಲಿ ವರ್ಷ ವರ್ಷವೂ ಬರುತ್ತಿತ್ತು. ಈಗಲೂ ಡಿಸೆಂಬರ್ ಮಧ್ಯದಲ್ಲಿ ಒಂದೆರಡು ದಿನ ಚಂದಾ ಇಲ್ಲದವರಿಗೂ ತೆರೆದಿಡುವುದುಂಟು. ತಿಂಗಳ ಮೊದಲ ವಾರವೇ ಆ ದಿನ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಡಿವಿಡಿ ಸಿಕ್ಕರೆ ಇನ್ನೂ ಒಳ್ಳೆಯದು. ತುಂಡು ತುಂಡು ಕ್ಲಿಪ್‌ಗಳಲ್ಲಿ ಮಾತ್ರ ನೋಡಬೇಡಿ. ಆ ಮರದ ದೃಶ್ಯವನ್ನು ಒಂದೇ ನಿಮಿಷದ ಕ್ಲಿಪ್‌ನಲ್ಲಿ ನೋಡಿದರೆ, ಊಟದ ಎಲೆಯಿಂದ ಪಾಯಸ ಮಾತ್ರ ಎತ್ತಿ ಕುಡಿದ ಹಾಗೆ.

ಪೂರ್ತಿ ಕಾರ್ಯಕ್ರಮ ಸುಮಾರು 25 ನಿಮಿಷ. ಸಂಜೆ ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಮಾತು ಇಂಗ್ಲಿಷ್, ಸಬ್‌ಟೈಟಲ್ ಹಾಕಿಕೊಳ್ಳಿ. ಮಕ್ಕಳು ಒಮ್ಮೊಮ್ಮೆ ಪದ ನುಂಗುತ್ತಾರೆ. ಟೀವಿಯ ಚಿತ್ರ ತುಂಬಾ ಹೊಳೆಯುವಂತೆ ಇಟ್ಟಿದ್ದರೆ ಕಡಿಮೆ ಮಾಡಿ. ಹಿನ್ನೆಲೆಯ ನೀಲಿ, ಹಸಿರು ಬಣ್ಣಗಳು ನೀರು ಬಣ್ಣದಂತೆ ಮಾಸಲಾಗಿವೆ, ಅವು ಹಾಗೇ ಚೆಂದ.

ತಿನ್ನಲು ಏನಾದರೂ ಬೇಕು ಅನ್ನುವವರಿಗೆ ಒಂದು ಮಾತು. ಮಂಗಳೂರಿನ ಗೆಳೆಯರ ಮನೆಯಿಂದ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಬಂದಿದ್ದರೆ ಅದರಲ್ಲಿ ಮೆತ್ತಗಿನದ್ದನ್ನು ಮಾತ್ರ ಆರಿಸಿಕೊಳ್ಳಿ. ಚಕ್ಕುಲಿ, ಗುಳಿಯೊ ಆಮೇಲೆ. ಹಾಸ್ಯ ಅಲ್ಲ. ಇದರಲ್ಲಿ ಡ್ರಮ್ಮನ್ನು ಕೋಲಿನ ಬದಲು ಬ್ರಷ್‌ನಿಂದ ಸವರುತ್ತಾರೆ. ಪಕ್ಕದಲ್ಲಿ ಒಬ್ಬರು ಚಕ್ಕುಲಿ ಕಡಿದರೆ ಆ ಸದ್ದು ಹೋಯಿತು.

ಮೊದಲ ಸಲ: ಕಥೆಗೆ

ಕಥೆ ಅಂಗೈಯಷ್ಟು. ಕ್ರಿಸ್‌ಮಸ್ ಹತ್ತಿರ ಬಂದಿದೆ, ಎಲ್ಲರೂ ಖುಷಿಯಾಗಿದ್ದಾರೆ, ಚಾರ್ಲಿ ಬ್ರೌನ್‌ಗೆ ಮಾತ್ರ ಮನಸ್ಸು ಭಾರ. ಕಾರಣ ಅವನಿಗೇ ಗೊತ್ತಿಲ್ಲ. ಮಕ್ಕಳ ಕಾರ್ಯಕ್ರಮ ಶುರುವಾಗುವುದೇ "ನನಗೆ ಯಾಕೋ ಖುಷಿ ಆಗ್ತಿಲ್ಲ" ಎಂಬ ಮಾತಿನಿಂದ! 1965ರಲ್ಲಿ ಇದು ಎಂಥ ಧೈರ್ಯ ಅಂತ ಯೋಚಿಸಿ.

ಅವನು ಲೂಸಿಯ ಹತ್ತಿರ ಹೋಗುತ್ತಾನೆ. ಲೂಸಿ ರಸ್ತೆ ಬದಿಯಲ್ಲಿ ನಿಂಬೆ ಶರಬತ್ತಿನ ಗಾಡಿಯಂಥದ್ದನ್ನು ಇಟ್ಟುಕೊಂಡು, ಐದು ಸೆಂಟ್‌ಗೆ ಮನೋವೈದ್ಯೆಯ ಸಲಹೆ ಕೊಡುವ ಹುಡುಗಿ. ಮೊದಲು ಕಾಸು, ಆಮೇಲೆ ರೋಗ. ಡಬ್ಬಿಯಲ್ಲಿ ನಾಣ್ಯ ಕುಲುಕಿ ಆ ಸದ್ದಿಗೆ ಅವಳು ಮೈಮರೆಯುವುದನ್ನು ನೋಡಿ. ಅವಳ ಸಲಹೆ: ಶಾಲೆಯ ಕ್ರಿಸ್‌ಮಸ್ ನಾಟಕಕ್ಕೆ ನೀನು ನಿರ್ದೇಶಕನಾಗು. ಅಲ್ಲಿಂದ ಎಲ್ಲ ಕೆಡುತ್ತಾ ಹೋಗುತ್ತದೆ. ಅವನ ಮಾತು ಯಾರೂ ಕೇಳುವುದಿಲ್ಲ. ನಾಟಕಕ್ಕೆ ಒಂದು ಮರ ತಾ ಅಂತ ಕಳಿಸಿದರೆ, ಅಂಗಡಿಯಲ್ಲೇ ಅತ್ಯಂತ ಬಡಕಲು ಗಿಡ ಹಿಡಿದು ಬರುತ್ತಾನೆ. ಎಲ್ಲರೂ ನಗುತ್ತಾರೆ. ಮುಂದಿನದ್ದು ನೀವೇ ನೋಡಿ.

ಮೊದಲ ಸಲ ನೋಡುವಾಗ ಒಂದೇ ನಿಯಮ: ನಿಲ್ಲಿಸಬೇಡಿ, ವಿವರಿಸಬೇಡಿ. ಪಕ್ಕದಲ್ಲಿ ಅಜ್ಜಿ ಇದ್ದರೆ ಈ ಮೇಲಿನ ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿಬಿಡಿ. ನಡುವೆ "ಅವನು ಏನಂದ?" ಬರುವುದಿಲ್ಲ.

ನಿಧಾನ ಅನ್ನಿಸುತ್ತದೆ, ನಿಜ. ಮಕ್ಕಳು ಒಂದು ಗೋಡೆಗೆ ಒರಗಿ ಮಾತಾಡುತ್ತಾರೆ, ಅಷ್ಟೇ. ಹಿಮದ ಹರಳನ್ನು ನಾಲಿಗೆ ಚಾಚಿ ಹಿಡಿಯುತ್ತಾರೆ. ಒಬ್ಬಳು ಇದು ಡಿಸೆಂಬರ್ ಹಿಮ, ಇನ್ನೂ ಸಮಯ ಆಗಿಲ್ಲ, ನಾನು ಜನವರಿ ತನಕ ಕಾಯುತ್ತೇನೆ ಅನ್ನುತ್ತಾಳೆ. ಮಾವಿನಕಾಯಿಗೆ ಕಾದವರಿಗೆ ಇದು ಅರ್ಥವಾಗುತ್ತದೆ, ಅಲ್ವಾ? ಇಂಥ ಮಾತುಗಳು ಪತ್ರಿಕೆಯ ನಾಲ್ಕು ಚೌಕದ ಪಟ್ಟಿಯ ಲಯದಲ್ಲೇ ಬರುತ್ತವೆ. ಒಂದು ಮಾತು, ಒಂದು ವಿರಾಮ, ಒಂದು ಉತ್ತರ. ಆ ಲಯ ಸಿಕ್ಕಿತೆಂದರೆ ನಿಧಾನ ಅನ್ನಿಸುವುದು ನಿಲ್ಲುತ್ತದೆ. ನನಗೆ ಸಿಗಲು ಹತ್ತು ನಿಮಿಷ ಬೇಕಾಯಿತು.

ಎರಡನೇ ಸಲ: ಕಣ್ಣು ಮುಚ್ಚಿ ಕೇಳಿ

ಇದು ನನ್ನ ಮುಖ್ಯ ಸಲಹೆ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಮರುದಿನವೋ, ವಾರ ಬಿಟ್ಟೋ ಮತ್ತೆ ಹಾಕಿ, ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ.

ಸಂಗೀತ ವಿನ್ಸ್ ಗ್ವರಾಲ್ಡಿ ಅವರದು. ಸ್ಯಾನ್ ಫ್ರಾನ್ಸಿಸ್ಕೊದ ಜಾಸ್ ಪಿಯಾನೊ ವಾದಕ. ಮೆಂಡೆಲ್ಸನ್ ಒಮ್ಮೆ ಟ್ಯಾಕ್ಸಿಯಲ್ಲಿ ಗೋಲ್ಡನ್ ಗೇಟ್ ಸೇತುವೆ ದಾಟುವಾಗ ರೇಡಿಯೊದಲ್ಲಿ ಇವರ ಒಂದು ಟ್ಯೂನ್ ಕೇಳಿ, ಹುಡುಕಿಕೊಂಡು ಹೋದರು. ಆಗ ಅವರು ಶುಲ್ಜ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಆ ಚಿತ್ರವನ್ನು ಯಾವ ವಾಹಿನಿಯೂ ಕೊಳ್ಳಲಿಲ್ಲ. ಆದರೆ ಅದಕ್ಕಾಗಿ ಹುಟ್ಟಿದ 'ಲೈನಸ್ ಆಂಡ್ ಲೂಸಿ' ಎಂಬ ಟ್ಯೂನ್ ಉಳಿಯಿತು. ನಾಟಕದ ತಾಲೀಮು ಬಿಟ್ಟು ಮಕ್ಕಳೆಲ್ಲ ಕುಣಿಯುವಾಗ ಕೇಳುವುದು ಅದೇ. ಅಲ್ಲಿ ಎಡಗೈ ಒಂದೇ ಸಾಲನ್ನು ಮತ್ತೆ ಮತ್ತೆ ಉರುಳಿಸುತ್ತದೆ, ಬಲಗೈ ಅದರ ಮೇಲೆ ಕುಪ್ಪಳಿಸುತ್ತದೆ. ಎಡಗೈಯನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳಿ.

ಮೊದಲಲ್ಲಿ ಬರುವ 'ಕ್ರಿಸ್‌ಮಸ್ ಟೈಮ್ ಈಸ್ ಹಿಯರ್' ಹಾಡಿಗೆ ಮೊದಲು ಮಾತೇ ಇರಲಿಲ್ಲ, ಬರೀ ವಾದ್ಯ. ಬರೆಯುವವರು ಯಾರೂ ಸಿಗದೆ ಮೆಂಡೆಲ್ಸನ್ ತಾವೇ ಒಂದು ಲಕೋಟೆಯ ಹಿಂಬದಿ ಕೆಲವೇ ನಿಮಿಷದಲ್ಲಿ ಸಾಲು ಬರೆದರು. ಹಾಡಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನ ಒಂದು ಚರ್ಚಿನ ಮಕ್ಕಳು. ಶ್ರುತಿ ಅಲ್ಲಲ್ಲಿ ಜಾರುತ್ತದೆ. ಸಾಲಿನ ಕೊನೆಯಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ. ತಿದ್ದಿ ನುಣುಪು ಮಾಡಬಹುದಿತ್ತು, ಮಾಡಲಿಲ್ಲ. ಹಾಡಿನ ಮಾತು ಸಂತೋಷದ್ದು, ರಾಗ ಮಾತ್ರ ಯಾಕೋ ಕಣ್ಣು ತುಂಬಿಸುತ್ತದೆ. ಚಾರ್ಲಿ ಬ್ರೌನ್ ಇನ್ನೂ ಬಾಯಿ ಬಿಡುವ ಮೊದಲೇ ಅವನ ಮನಸ್ಸು ನಮಗೆ ಗೊತ್ತಾಗುವುದು ಹೀಗೆ.

ಈಗ ಮಾತುಗಳನ್ನು ಕೇಳಿ. ಆ ಕಾಲದಲ್ಲಿ ಕಾರ್ಟೂನ್ ಮಕ್ಕಳಿಗೆ ದೊಡ್ಡವರು ದನಿ ಕೊಡುತ್ತಿದ್ದುದೇ ಹೆಚ್ಚು. ಇಲ್ಲಿ ನಿಜವಾದ ಮಕ್ಕಳು. ಒಂದಿಬ್ಬರನ್ನು ಬಿಟ್ಟರೆ ಹೆಚ್ಚಿನವರಿಗೆ ನಟನೆಯ ಗಂಧವೇ ಇರಲಿಲ್ಲ. ಚಾರ್ಲಿಯ ತಂಗಿ ಸ್ಯಾಲಿಗೆ ದನಿ ಕೊಟ್ಟ ಹುಡುಗಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಒಂದೊಂದೇ ತುಂಡು ಹೇಳಿಕೊಟ್ಟು, ಅವಳಿಂದ ಹೇಳಿಸಿ, ಆಮೇಲೆ ಜೋಡಿಸಿದರು. ಸ್ಯಾಲಿ ಸಾಂತಾನಿಗೆ ಕಾಗದ ಬರೆಸುವ ದೃಶ್ಯದಲ್ಲಿ ಆ ಜೋಡಣೆ ಕೇಳಿಸುತ್ತದೆ. ಉದ್ದ ಪಟ್ಟಿ ಕಳಿಸುತ್ತೇನೆ, ಕಷ್ಟ ಅನ್ನಿಸಿದರೆ ನೋಟುಗಳನ್ನೇ ಕಳಿಸು, ಹತ್ತರದ್ದು ಇಪ್ಪತ್ತರದ್ದು ಆದರೂ ಸರಿ ಅನ್ನುತ್ತಾಳೆ. ನನ್ನ ಪಾಲು ನನಗೆ ಬರಬೇಕು, ಅಷ್ಟೇ ಅನ್ನುತ್ತಾಳೆ. ದನಿಯಲ್ಲಿ ಎಳ್ಳಷ್ಟೂ ಕಳ್ಳತನ ಇಲ್ಲ. ದೊಡ್ಡ ನಟಿಯೊಬ್ಬಳು ಇದನ್ನು ಹೇಳಿದ್ದರೆ ನಾವು ನಗುತ್ತಿದ್ದೆವು, ನಂಬುತ್ತಿರಲಿಲ್ಲ.

ಸ್ನೂಪಿಯ ಕುಂಯ್‌ಗುಟ್ಟುವ ಸದ್ದು ಮಾತ್ರ ಮಗುವಿನದಲ್ಲ. ನಿರ್ದೇಶಕ ಮೆಲೆಂಡೆಜ್ ಅವರೇ ಬಾಯಿಗೆ ಬಂದದ್ದು ಹೇಳಿ, ಟೇಪ್ ವೇಗ ಹೆಚ್ಚಿಸಿದ್ದು.

ಇನ್ನೊಂದು, ಇಲ್ಲದ ಸದ್ದು. ಆಗಿನ ಟೀವಿ ಹಾಸ್ಯಕ್ಕೆ ಹಿಂದಿನಿಂದ ನಗೆಯ ಸದ್ದು ಸೇರಿಸುವುದು ರೂಢಿ. ಶುಲ್ಜ್ ಅದನ್ನು ಖಡಾಖಂಡಿತವಾಗಿ ಬೇಡ ಅಂದರು. ಹಾಗಾಗಿ ಪ್ರತಿ ಜೋಕಿನ ನಂತರ ಒಂದು ಖಾಲಿ ಜಾಗ ಉಳಿದಿದೆ. ನಗಬೇಕೋ ಬೇಡವೋ ನಿಮಗೇ ಬಿಟ್ಟದ್ದು.

ನಿಂತು ನೋಡಬೇಕಾದ ಜಾಗಗಳು

ಎರಡನೇ ಸಲವೋ ಮೂರನೇ ಸಲವೋ ರಿಮೋಟ್ ಕೈಗೆ ತೆಗೆದುಕೊಳ್ಳಬಹುದು.

ಶುರುವಿನಲ್ಲಿ ಸ್ನೂಪಿ, ಲೂಸಿಯ ತಮ್ಮ ಲೈನಸ್‌ನ ಕಂಬಳಿ ಕಚ್ಚಿ, ಅವನನ್ನೂ ಚಾರ್ಲಿ ಬ್ರೌನ್‌ನನ್ನೂ ಗಿರ್ರನೆ ತಿರುಗಿಸಿ ಎಸೆಯುತ್ತಾನೆ. ಚಾರ್ಲಿ ಬ್ರೌನ್ ಮರಕ್ಕೆ ಗುದ್ದುವುದು ಕಾಣುತ್ತದೆ. ಲೈನಸ್ ಎಲ್ಲಿ ಹೋದ? 1965ರಲ್ಲಿ ಅವನು ಹೋಗಿ ಬಿದ್ದದ್ದು ಕೋಕಾ-ಕೋಲಾದ ಒಂದು ಫಲಕಕ್ಕೆ. ಪ್ರಾಯೋಜಕರ ಹೆಸರು ಮುಂದೆ ಕತ್ತರಿಸಿ ಹೋಯಿತು, ಲೈನಸ್ ಮಾತ್ರ ಗಾಳಿಯಲ್ಲೇ ಉಳಿದ. ಕ್ರಿಸ್‌ಮಸ್ ವ್ಯಾಪಾರವಾಗಿ ಹೋಯಿತು ಅಂತ ಕೊರಗುವ ಕಥೆಗೆ ಹಣ ಕೊಟ್ಟದ್ದು ಶರಬತ್ತಿನ ಕಂಪನಿ. ಈ ತಮಾಷೆಯನ್ನು ಯಾರೂ ಬರೆದದ್ದಲ್ಲ.

ಕುಣಿತದಲ್ಲಿ ಒಬ್ಬೊಬ್ಬರಿಗೂ ಒಂದೇ ಹೆಜ್ಜೆ, ಅದೇ ಮತ್ತೆ ಮತ್ತೆ. ಒಬ್ಬ ಭುಜ ಕುಣಿಸುತ್ತಾನೆ. ಅವಳಿ ಹುಡುಗಿಯರು ತಲೆಯನ್ನು ಆ ಕಡೆ ಈ ಕಡೆ ಒಗೆಯುತ್ತಾರೆ. ಈ ಪಾತ್ರಗಳ ತಲೆ ದೊಡ್ಡದು, ಕೈ ಗಿಡ್ಡ. ಕೈ ಎತ್ತಿದರೆ ನೆತ್ತಿಗೂ ತಲುಪುವುದಿಲ್ಲ. ಆನಿಮೇಷನ್‌ನವರಿಗೆ ತಲೆನೋವು. ಅವರು ಅದನ್ನೇ ಕುಣಿತ ಮಾಡಿಬಿಟ್ಟರು. ಮನೆಯಲ್ಲಿ ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಹೆಜ್ಜೆ ಹಂಚಿ, ನೀವೂ ಒಂದು ಹಿಡಿಯಿರಿ. ಸೊಂಟ ನೋವಿದ್ದವರಿಗೆ ಭುಜದ್ದು ಸಾಕು.

ಮರದ ಅಂಗಡಿಯಲ್ಲಿ ಲೈನಸ್ ಒಂದು ಮರವನ್ನು ತಟ್ಟಿ ನೋಡುತ್ತಾನೆ. ಡಬ್ಬದಂತೆ ಠಣ್ ಅನ್ನುತ್ತದೆ. ಅದು ಉತ್ಪ್ರೇಕ್ಷೆ ಅಲ್ಲ. ಅರವತ್ತರ ದಶಕದ ಅಮೆರಿಕದಲ್ಲಿ ಅಲ್ಯುಮಿನಿಯಂ ಕ್ರಿಸ್‌ಮಸ್ ಮರ ದೊಡ್ಡ ಫ್ಯಾಷನ್. ಲೋಹವಾದ್ದರಿಂದ ಅದಕ್ಕೆ ದೀಪದ ಸರ ಸುತ್ತುವಂತಿರಲಿಲ್ಲ, ಶಾಕ್ ಹೊಡೆದೀತೆಂಬ ಭಯ. ನೆಲದಲ್ಲಿ ತಿರುಗುವ ಬಣ್ಣದ ದೀಪ ಇಟ್ಟು ಬೆಳಗಿಸುತ್ತಿದ್ದರು. ಲೂಸಿ ತರಲು ಹೇಳುವುದೂ ಅಂಥದ್ದೇ, ಸಾಧ್ಯವಾದರೆ ಗುಲಾಬಿ ಬಣ್ಣದ್ದು. ಈ ಕಾರ್ಯಕ್ರಮದಿಂದಲೇ ಆ ಮರಗಳ ಕಾಲ ಮುಗಿಯಿತು ಅಂತ ಹಲವರು ಹೇಳುತ್ತಾರೆ. ಪೂರ್ತಿ ಇದರಿಂದಲೇ ಅಂತ ನನಗೇನೂ ಅನ್ನಿಸುವುದಿಲ್ಲ, ಫ್ಯಾಷನ್ ತನ್ನಷ್ಟಕ್ಕೂ ಸಾಯುತ್ತದೆ. ಆದರೆ ಆ ಠಣ್ ಸದ್ದು ಕೇಳಿದವರು ಮನೆಯ ಮರವನ್ನು ಒಮ್ಮೆ ತಟ್ಟಿ ನೋಡಿರಲೇಬೇಕು.

ಇನ್ನು ಲೈನಸ್‌ನ ಕಂಬಳಿ. ಅದನ್ನು ಅವನು ಕೈಬಿಡುವವನೇ ಅಲ್ಲ. ನಾಟಕದಲ್ಲಿ ಕುರುಬನ ಪಾತ್ರಕ್ಕೆ ಅದನ್ನೇ ತಲೆಗೆ ಸುತ್ತಿಕೊಳ್ಳುತ್ತಾನೆ. ಎಲ್ಲರೂ ನಕ್ಕು ಹೋದ ಮೇಲೆ ಚಾರ್ಲಿ ಬ್ರೌನ್, ಕ್ರಿಸ್‌ಮಸ್ ಅಂದರೆ ಏನು ಅಂತ ಯಾರಿಗಾದರೂ ಗೊತ್ತಾ ಅಂತ ಕೂಗುತ್ತಾನೆ. ಲೈನಸ್ ವೇದಿಕೆಯ ನಡುವೆ ಬಂದು, ದೀಪ ಹಾಕಿ ಅಂತ ಕೇಳಿ, ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಿಂದ ಏಳು ವಚನ ಹೇಳುತ್ತಾನೆ. ಸಂಗೀತ ಇಲ್ಲ. ಚಲನೆ ಇಲ್ಲ. ಒಬ್ಬ ಹುಡುಗ, ಖಾಲಿ ವೇದಿಕೆ, ಒಂದು ನಿಮಿಷ. ಕಾರ್ಟೂನಿನಲ್ಲಿ ಬೈಬಲ್ ಓದುವುದು ಅಪಾಯ ಅಂತ ಜೊತೆಯವರೇ ಹಿಂಜರಿದಾಗ ಶುಲ್ಜ್, ನಾವು ಮಾಡದಿದ್ದರೆ ಇನ್ನು ಯಾರು ಮಾಡುತ್ತಾರೆ ಅಂದರಂತೆ. ದೇವದೂತ ಕುರುಬರಿಗೆ "ಹೆದರಬೇಡಿರಿ" ಅನ್ನುವ ಮಾತು ಬಂದಾಗ ಲೈನಸ್‌ನ ಕೈ ನೋಡಿ. ಕಂಬಳಿ ಕೆಳಗೆ ಬೀಳುತ್ತದೆ. ಕ್ಯಾಮೆರಾ ಅದನ್ನು ತೋರಿಸಲು ಹೋಗುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ನಾನು ನಾಲ್ಕು ವರ್ಷ ನೋಡಿದರೂ ಇದು ಕಂಡಿರಲಿಲ್ಲ. ಮಾತು ಮುಗಿದ ಮೇಲೆ ಮತ್ತೆ ಎತ್ತಿಕೊಂಡು ಹೋಗುತ್ತಾನೆ, ಅದೂ ನನಗೆ ಇಷ್ಟ. ಆ ಕಂಬಳಿ ಕೊನೆಯಲ್ಲಿ ಇನ್ನೊಂದು ಸಲ ಕೈಬಿಡುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ, ಮರದ ಬುಡ ನೋಡುತ್ತಿರಿ.

ಚಿಕ್ಕ ಮಕ್ಕಳ ಜೊತೆ ನೋಡುವುದಾದರೆ

ಈ ಮಕ್ಕಳು ಒಬ್ಬರನ್ನೊಬ್ಬರು ಪೆದ್ದ, ದಡ್ಡ ಅಂತ ಧಾರಾಳವಾಗಿ ಬೈಯುತ್ತಾರೆ. ಎಲ್ಲ ಸೇರಿ ಒಬ್ಬನನ್ನು ನೋಡಿ ನಗುವ ದೃಶ್ಯ ಐದು ವರ್ಷದ ಮಗುವಿಗೆ ಭಾರ ಆಗಬಹುದು. ಮೊದಲೇ ಎಚ್ಚರಿಸಬೇಡಿ, ಪಕ್ಕದಲ್ಲಿ ಒತ್ತಿ ಕೂತರೆ ಸಾಕು. ಮುಗಿದ ಮೇಲೆ ನೀತಿ ಕೇಳಬೇಡಿ. "ಯಾರು ಇಷ್ಟ ಆದ್ರು?" ಅಂತ ಕೇಳಿ. ಸ್ನೂಪಿ ಅನ್ನುತ್ತಾರೆ. ಯಾವಾಗಲೂ ಸ್ನೂಪಿ. ಮನೆಯ ಅಲಂಕಾರದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆಯುವ ನಾಯಿಯ ಮುಂದೆ ಉಳಿದವರು ಯಾವ ಲೆಕ್ಕ!

ದೊಡ್ಡವರು ಇದರಲ್ಲಿ ಒಬ್ಬರೂ ಇಲ್ಲ ಎಂಬುದನ್ನು ಮಗುವೇ ಕಂಡುಹಿಡಿಯಲಿ. ಅಪ್ಪ, ಅಮ್ಮ, ಟೀಚರ್ ಯಾರೂ ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಅಕ್ಕನ ಮಗಳು ಇದನ್ನು ಕಂಡುಹಿಡಿದಾಗ ಆರು ವರ್ಷದವಳು. "ಇವರಿಗೆ ಊಟ ಯಾರು ಹಾಕ್ತಾರೆ?" ಅಂತ ಕೇಳಿದ್ದಳಂತೆ.

ಮುಗಿದ ಮೇಲೆ

ಕೊನೆಯ ಹಾಡಿನ ಮೇಲೆ ಹೆಸರುಗಳು ಬರುವಾಗ ಮುಂದಿನ ಕಾರ್ಯಕ್ರಮ ತಾನಾಗಿ ಶುರುವಾಗದಂತೆ ಸೆಟಿಂಗ್ ಬದಲಿಸಿಡಿ. ಇದನ್ನು ಮೊದಲೇ ಮಾಡಬೇಕು, ಮರೆತರೆ ಒಂದು ಜಾಹೀರಾತಿನ ಅರಚಾಟ ಎಲ್ಲ ಕೆಡಿಸುತ್ತದೆ. ಒಂದೆರಡು ದಿನ ಬಿಟ್ಟು ಸಂಗೀತದ ಆಲ್ಬಮ್ ಮಾತ್ರ ಹಾಕಿ ಕೇಳಿ. ಅದು 1965ರ ಡಿಸೆಂಬರ್‌ನಲ್ಲೇ ಬಂತು. ಅಡುಗೆ ಮಾಡುವಾಗ ತುಂಬಾ ಒಳ್ಳೆಯದು. ಈ ಗೆಳೆಯರನ್ನು ಇನ್ನೂ ನೋಡಬೇಕು ಅನ್ನಿಸಿದರೆ 1966ರ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ಕಾರ್ಯಕ್ರಮ ಇದೆ, ಅದು ಲೈನಸ್‌ನ ಕಥೆ. ಅದನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ.

ಮರದ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಈಗ ಆ ಬಡಕಲು ಮರದ ಪ್ಲಾಸ್ಟಿಕ್ ನಕಲನ್ನೇ ಮಾರುತ್ತಾರೆ, ಒಂದು ಕೆಂಪು ಚೆಂಡು, ಬುಡಕ್ಕೆ ಒಂದು ನೀಲಿ ಬಟ್ಟೆ ಸಮೇತ. ಅಕ್ಕ ನನಗೂ ಒಂದು ಕೊಡಿಸಲು ಹೊರಟಿದ್ದಳು, ಬೇಡ ಅಂದೆ. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಮೂರು ವರ್ಷದಿಂದ ಮೊಳಕಾಲಿಗಿಂತ ಮೇಲೆ ಬೆಳೆಯದ ಒಂದು ಕರಿಬೇವಿನ ಗಿಡ ಇದೆ. ಡಿಸೆಂಬರ್ ಎರಡನೇ ವಾರ ಅದರ ತುದಿಗೆ ಒಂದು ಕೆಂಪು ಚೆಂಡು ಕಟ್ಟುತ್ತೇನೆ. ಗಿಡ ಥೇಟ್ ಆ ಬಡಕಲು ಮರದ ಹಾಗೇ ಬಾಗುತ್ತದೆ. ಅಮ್ಮ ಒಗ್ಗರಣೆಗೆ ಎಲೆ ಕೀಳಲು ಬಂದು, ಚೆಂಡನ್ನು ಪಕ್ಕಕ್ಕೆ ಸರಿಸಿ, ನಾಲ್ಕು ಎಲೆ ಕಿತ್ತುಕೊಂಡು, ಮತ್ತೆ ಅಲ್ಲೇ ಬಿಟ್ಟು ಹೋಗುತ್ತಾಳೆ.